ಹೊಸ ಕಾರಿನ ಕಟಕಟ ಸದ್ದಿನ ಬೆನ್ನು ಹತ್ತಿ

ಹೊಸ ಕಾರಿನ ಒಳಗಿನ ಸದ್ದಿನ ಬಗ್ಗೆ ದೂರು ಹೇಳಲು ಹೋದವರಿಗೆ ಸರ್ವಿಸ್ ಸೆಂಟರಿನಲ್ಲಿ ಮೊದಲು ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಪ್ಲಾಸ್ಟಿಕ್ ಅಲ್ಲವೇ ಸರ್, ಸ್ವಲ್ಪ ಸದ್ದು ಇದ್ದೇ ಇರುತ್ತದೆ." ನನಗೂ ಅದೇ ಸಿಕ್ಕಿತು. ಹನ್ನೊಂದು ಲಕ್ಷಕ್ಕೂ ಮೇಲ್ಪಟ್ಟ ಬೆಲೆ, ಅದರ ಬಹುಪಾಲು ಬ್ಯಾಂಕಿನ ಸಾಲ, ಕಾರು ಮನೆಗೆ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಏಳು ವರ್ಷ ಕಂತು ಕಟ್ಟುವ ವಸ್ತುವಿನಲ್ಲಿ ಮುಂಗಾಜಿನ ಎಡಮೂಲೆಯ ಕಟಕಟವನ್ನು ಕೇಳಿಕೊಂಡೇ ಓಡಾಡಿ ಎನ್ನುವ ಮಾತು ನನಗೆ ಹಿಡಿಸಲಿಲ್ಲ. ಸದ್ದಿನಿಂದ ಕಾರು ಕೆಟ್ಟು ನಿಲ್ಲುವುದಿಲ್ಲ, ನಿಜ. ಆದರೆ ದಿನಾ ಅದರೊಳಗೆ ಕುಳಿತುಕೊಳ್ಳುವವನು ನಾನು. ನೆಮ್ಮದಿ ಕೆಡಿಸುವ ದೋಷವೂ ದೋಷವೇ ಎಂದು ಆಗ ನಂಬಿದ್ದೆ, ಈಗಲೂ ನಂಬುತ್ತೇನೆ.

ಕೆಲಸ ಶಿವಮೊಗ್ಗದಲ್ಲಿ, ಅಪ್ಪ ಅಮ್ಮ ಇರುವುದು ತೀರ್ಥಹಳ್ಳಿಯ ಆಚೆ. ಹಾಗಾಗಿ ಗಾಜನೂರು, ಸಕ್ರೆಬೈಲು, ಮಂಡಗದ್ದೆ ಹಾದು ತುಂಗೆಯ ಪಕ್ಕದಲ್ಲೇ ಸಾಗುವ ರಸ್ತೆ ನನಗೆ ಅಂಗೈಯಷ್ಟು ಪರಿಚಿತ. ಚಳಿಗಾಲದಲ್ಲಿ ನಸುಕಿಗೇ ಹೊರಟರೆ, ಊರುಗಳ ಬಳಿ ರಸ್ತೆ ಒರಟಾದಲ್ಲೆಲ್ಲ ಡ್ಯಾಶ್‌ಬೋರ್ಡಿನ ಎಡಗಡೆಯಿಂದ ಸದ್ದು ಶುರುವಾಗುತ್ತಿತ್ತು. ಮಧ್ಯಾಹ್ನ ಬಿಸಿಲಿನಲ್ಲಿ ನಿಲ್ಲಿಸಿ ಸಂಜೆ ಅದೇ ರಸ್ತೆಯಲ್ಲಿ ಮರಳುವಾಗ ಆ ಸದ್ದು ಇರುತ್ತಲೇ ಇರಲಿಲ್ಲ. ಅದರ ಬದಲಿಗೆ ಬಾಗಿಲಿನ ಕಡೆಯಿಂದ ಸಣ್ಣಗೆ ಕಿರ್ರೆನ್ನುವುದು ಬೇರೆ ಏನೋ ಕೇಳುತ್ತಿತ್ತು.

ಮೊದಲ ಸಲ ಕಾರನ್ನು ತೋರಿಸಿದ್ದು ಮಧ್ಯಾಹ್ನದ ಹೊತ್ತಿನಲ್ಲಿ. ಸರ್ವಿಸ್ ಅಡ್ವೈಸರ್ ನನ್ನ ಪಕ್ಕದಲ್ಲಿ ಕುಳಿತು ಊರಾಚೆಯ ನುಣುಪಾದ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿದರು. ಎ.ಸಿ. ಫ್ಯಾನ್ ಜೋರಾಗಿ ಓಡುತ್ತಿತ್ತು. ಅವರ ಫೋನಿಗೆ ಕರೆಗಳು ಬರುತ್ತಲೇ ಇದ್ದವು. ಸದ್ದು ಬರಲಿಲ್ಲ. ಸಂಜೆ ಕೈಗೆ ಸಿಕ್ಕ ಜಾಬ್ ಕಾರ್ಡಿನಲ್ಲಿ "ಶಬ್ದದ ದೂರು, ಪರಿಶೀಲಿಸಲಾಗಿದೆ, ಸರಿಯಿದೆ" ಎಂದಿತ್ತು. ಇಂಥ ಒಂದು ಸಾಲು ಮುಂದೆ ಎಷ್ಟು ತೊಂದರೆ ಕೊಡಬಲ್ಲದು ಎಂಬುದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕಾಗದದ ಪ್ರಕಾರ ನನ್ನ ಕಾರಿಗೆ ದೋಷವಿಲ್ಲ. ಮುಂದಿನ ಸಲ ಹೋದಾಗ ಕಂಪ್ಯೂಟರ್ ಪರದೆಯ ಮೇಲೆ ಕಾಣುವುದು ಅದೇ.

ಅವರಲ್ಲಿ ಕೆಟ್ಟ ಉದ್ದೇಶವಿತ್ತು ಎಂದು ನಾನು ಹೇಳುವುದಿಲ್ಲ. ಆಯಿಲ್ ಬದಲಿಸಲು, ಬ್ರೇಕ್ ನೋಡಲು ಇಂತಿಷ್ಟು ಹೊತ್ತು ಎಂಬ ಲೆಕ್ಕವಿರುತ್ತದೆ. ಸದ್ದು ಹುಡುಕಲು ಅಂಥ ಲೆಕ್ಕ ಹಾಕುವುದು ಕಷ್ಟ. ಅರ್ಧ ದಿನ ಬೇಕಾಗಬಹುದು, ಆ ಅರ್ಧ ದಿನದಲ್ಲಿ ಬಿಲ್ ಆಗುವುದು ಏನೂ ಇಲ್ಲ. ಸದ್ದು ಬರುವ ಜಾಗ, ಹೊತ್ತು, ವೇಗಗಳನ್ನು ನಾನೇ ಗುರುತಿಸಿ ಅವರ ಕಿವಿಗೆ ಮುಟ್ಟಿಸದಿದ್ದರೆ ಕೆಲಸವಾಗದು ಎಂಬುದು ಅಲ್ಲಿಂದ ಹೊರಬರುವಾಗ ಖಚಿತವಾಗಿತ್ತು.

ಮೊದಲು ಕಾರನ್ನು ಖಾಲಿ ಮಾಡಿದೆ. ಬಾಗಿಲಿನ ಜೇಬಿನ ನೀರಿನ ಬಾಟಲಿ, ಗ್ಲೋವ್ ಬಾಕ್ಸಿನ ಕಾಗದಪತ್ರ, ಕನ್ನಡಕದ ಗೂಡಿನಲ್ಲಿದ್ದ ಚಿಲ್ಲರೆ, ಎಲ್ಲವೂ ಹೊರಗೆ. ಹಿಂದಿನ ಡಿಕ್ಕಿಯಲ್ಲಿ ಜ್ಯಾಕ್ ಮತ್ತು ಸ್ಪ್ಯಾನರ್ ತಮ್ಮ ಗೂಡಿನಲ್ಲಿ ಬಿಗಿಯಾಗಿವೆಯೇ ಎಂದು ಅಲ್ಲಾಡಿಸಿ ನೋಡಿದೆ. ಯಾರೂ ಕೂರದ ಸೀಟುಗಳ ಬೆಲ್ಟ್ ಹಾಕಿದೆ, ಏಕೆಂದರೆ ನೇತಾಡುವ ಬೆಲ್ಟಿನ ಲೋಹದ ನಾಲಗೆ ಪಕ್ಕದ ಕಂಬದ ಪ್ಲಾಸ್ಟಿಕ್ಕಿಗೆ ಬಡಿಯುವುದು ಬಹಳ ಸಾಮಾನ್ಯ. ಟಯರಿನ ಗಾಳಿ ನೋಡಿದರೆ ನಾಲ್ಕರಲ್ಲೂ 40ರ ಆಸುಪಾಸು! ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ಇದ್ದದ್ದು 33. ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಲ್ಲುವ ಕಾರುಗಳಿಗೆ ಗಾಳಿ ಹೆಚ್ಚು ತುಂಬಿಸಿಟ್ಟಿರುತ್ತಾರೆ. ಗಿರಾಕಿಗೆ ಕೊಡುವ ಮೊದಲು ಇಳಿಸಬೇಕಾದದ್ದು ಅವರ ಕೆಲಸ. ಕಲ್ಲಿನಂತಾದ ಟಯರು ರಸ್ತೆಯ ಪ್ರತಿ ಏಟನ್ನೂ ಒಳಗೆ ದಾಟಿಸುತ್ತದೆ. ಗಾಳಿ ಇಳಿಸಿದ ಮೇಲೆ ಸದ್ದು ಕಡಿಮೆಯಾಯಿತು, ನಿಲ್ಲಲಿಲ್ಲ.

ಆಮೇಲೆ ತಮ್ಮನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ನಸುಕಿನಲ್ಲಿ ಗಾಜನೂರಿನ ಕಡೆ ಹೊರಟೆ. ರೇಡಿಯೊ ಇಲ್ಲ, ಫ್ಯಾನ್ ಇಲ್ಲ, ಗಾಜುಗಳು ಮುಚ್ಚಿವೆ. ವೇಗ ಗಂಟೆಗೆ ಮೂವತ್ತು ಕಿಲೋಮೀಟರಿನ ಹತ್ತಿರ. ಅವನ ಕೆಲಸ ಅಂಗೈಯಿಂದ ಒಂದೊಂದೇ ಭಾಗವನ್ನು ಒತ್ತಿ ಹಿಡಿಯುವುದು: ಗ್ಲೋವ್ ಬಾಕ್ಸಿನ ಮುಚ್ಚಳ, ಎ.ಸಿ. ಕಿಂಡಿ, ಡ್ಯಾಶ್‌ಬೋರ್ಡಿನ ಮೇಲ್ಮೈ, ಕೊನೆಗೆ ಮುಂಗಾಜಿನ ಪಕ್ಕದ ಕಂಬದ ಹೊದಿಕೆ. ಮೆಕ್ಯಾನಿಕ್‌ಗಳು ಎ ಪಿಲ್ಲರ್ ಎನ್ನುವುದು ಈ ಕಂಬಕ್ಕೇ. ಅದರ ಬುಡವನ್ನು ಹೆಬ್ಬೆರಳಿನಿಂದ ಒತ್ತಿದಾಗ ಕಟಕಟ ನಿಂತಿತು. ಕೈ ತೆಗೆದ, ಮತ್ತೆ ಬಂತು. ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡೆವು: ಬೆರಳು, ಸದ್ದು, ಸ್ಪೀಡೋಮೀಟರ್ ಮೂರೂ ಬರುವಂತೆ. ಈ ಒಂದು ತುಣುಕು ನನ್ನ ಮಾತಿಗಿಂತ ಹೆಚ್ಚು ಕೆಲಸ ಮಾಡಿತು.

ಆ ಬೆಳಗ್ಗೆ ಇನ್ನೊಂದು ವಿಷಯವೂ ತಿಳಿಯಿತು. ನಾನು ಒಂದೇ ದೋಷ ಎಂದುಕೊಂಡಿದ್ದು ಮೂರು ಬೇರೆ ಬೇರೆ ಸದ್ದುಗಳಾಗಿದ್ದವು. ಕಂಬದ ಬುಡದ ಕಟಕಟ ಒಂದು. ಬಾಗಿಲಿನ ಕಿರ್ರೆನ್ನುವುದು ಇನ್ನೊಂದು. ಮೂರನೆಯದು ರಸ್ತೆ ಉಬ್ಬಿನ ಮೇಲೆ ಒಂದು ಕಡೆಯ ಚಕ್ರ ಮಾತ್ರ ಹತ್ತಿ ಇಳಿದಾಗ ಕೇಳುವ ಟೊಕ್ ಎಂಬ ದಪ್ಪ ಸದ್ದು. ಅದೂ ಡ್ಯಾಶ್‌ಬೋರ್ಡಿನಿಂದಲೇ ಬಂದಂತೆ ತೋರುತ್ತಿತ್ತು, ಆದರೆ ಎಲ್ಲಿ ಒತ್ತಿದರೂ ನಿಲ್ಲಲಿಲ್ಲ.

ಕಾರಿನೊಳಗಿನ ಇಂಥ ಸದ್ದುಗಳ ಹಿಂದಿನ ಕಾರಣಗಳನ್ನು ಓದಿ, ಕೇಳಿ ತಿಳಿದುಕೊಂಡೆ. ಎರಡು ಭಾಗಗಳ ನಡುವೆ ಸಂದು ಉಳಿದು, ಅಲುಗಾಟಕ್ಕೆ ಅವು ಒಂದಕ್ಕೊಂದು ಬಡಿದರೆ ಕಟಕಟ. ಎರಡು ಮೇಲ್ಮೈಗಳು ಒತ್ತಿಕೊಂಡಿದ್ದು, ಕ್ಷಣ ಹಿಡಿದು ಕ್ಷಣ ಜಾರಿದರೆ ಕಿರ್ರೆನ್ನುವ ಸದ್ದು. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವುದೂ ಇದನ್ನೇ. ತೆಳುವಾದ ಹೊದಿಕೆಯೊಂದು ಎಂಜಿನ್ನಿನ ಯಾವುದೋ ಒಂದು ವೇಗಕ್ಕೆ ಶ್ರುತಿ ಸೇರಿ ಕಂಪಿಸಿದರೆ ಝೇಂಕಾರ. ಮೂರಕ್ಕೂ ಮದ್ದು ಬೇರೆ ಬೇರೆ. ಬಡಿಯುವುದಕ್ಕೆ ಬಿಗಿತ ಅಥವಾ ಮೆತ್ತೆ ಬೇಕು. ಉಜ್ಜುವುದಕ್ಕೆ ನಡುವೆ ಬಟ್ಟೆಯಂಥ ಪದರವೋ ಜಾರಿಕೆಯೋ ಬೇಕು. ಕಂಪಿಸುವುದಕ್ಕೆ ತೂಕ ಅಥವಾ ಆಸರೆ ಬೇಕು. ಉಜ್ಜುವ ಜಾಗಕ್ಕೆ ಇನ್ನಷ್ಟು ಬಿಗಿಯಾಗಿ ಸ್ಪಂಜು ತುರುಕಿದರೆ ಸದ್ದು ಹೆಚ್ಚಾಗಲೂಬಹುದು. "ಸ್ವಲ್ಪ ಸ್ಪಂಜು ಇಟ್ಟು ಕೊಡುತ್ತೇವೆ" ಎನ್ನುವವರ ಕೈಗೆ ಕಾರು ಕೊಡುವ ಮುನ್ನ ಇದು ಗೊತ್ತಿರುವುದು ಒಳ್ಳೆಯದು.

ಬೆಳಗ್ಗೆ ಇದ್ದು ಮಧ್ಯಾಹ್ನ ಮಾಯವಾಗುವುದಕ್ಕೂ ಲೆಕ್ಕವಿದೆ. ಡ್ಯಾಶ್‌ಬೋರ್ಡುಗಳನ್ನು ಹೆಚ್ಚಾಗಿ ಮಾಡುವುದು ಪಾಲಿಪ್ರೊಪಿಲೀನ್ ಬೆರೆತ ಪ್ಲಾಸ್ಟಿಕ್ಕಿನಿಂದ, ಅದನ್ನು ಕೂರಿಸುವುದು ಉಕ್ಕಿನ ಚೌಕಟ್ಟಿಗೆ. ಒಂದು ಮೀಟರ್ ಉದ್ದದ ಉಕ್ಕು 30 ಡಿಗ್ರಿ ಬಿಸಿಯೇರಿದರೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ; ಪ್ಲಾಸ್ಟಿಕ್ ಅದರ ಹಲವು ಪಟ್ಟು ಹಿಗ್ಗುತ್ತದೆ. ನಮ್ಮ ಕಡೆ ಜನವರಿಯ ನಸುಕಿನಲ್ಲಿ ಹದಿನೈದು ಹದಿನಾರು ಡಿಗ್ರಿ ಇರುತ್ತದೆ. ಅದೇ ದಿನ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಕೈಯಿಟ್ಟರೆ ಸುಡುವಷ್ಟು ಕಾಯುತ್ತದೆ. ಚಳಿಯಲ್ಲಿ ಕುಗ್ಗಿ ಸಂದು ಬಿಟ್ಟ ಭಾಗ ಬಿಸಿಲಿನಲ್ಲಿ ಹಿಗ್ಗಿ ಸಂದು ಮುಚ್ಚುತ್ತದೆ. ನನ್ನ ಕಾರನ್ನು ಮಧ್ಯಾಹ್ನ ಓಡಿಸಿ "ಸದ್ದಿಲ್ಲ" ಎಂದು ಬರೆದದ್ದು, ಮಳೆ ನಿಂತ ಮೇಲೆ ಬಂದು ಸೂರು ಸೋರುವುದಿಲ್ಲ ಎಂದು ಬರೆದುಕೊಟ್ಟ ಹಾಗೆ.

ಎರಡನೆಯ ಸಲ ಹೋದಾಗ ಎರಡು ಬೇಡಿಕೆ ಇಟ್ಟೆ. ಕಾರು ರಾತ್ರಿ ಅಲ್ಲೇ, ಹೊರಗೆ, ನಿಲ್ಲಬೇಕು. ಬೆಳಗ್ಗೆ ಬಾಗಿಲು ತೆರೆದ ತಕ್ಷಣ ನನ್ನೊಡನೆ ಓಡಿಸಿ ನೋಡಲು ಅಡ್ವೈಸರ್ ಬೇಡ, ಕೆಲಸ ಮಾಡುವ ಟೆಕ್ನಿಶಿಯನ್ ಬರಬೇಕು. ಜಾಬ್ ಕಾರ್ಡಿನಲ್ಲಿ ಬರೆಯಬೇಕಾದ ವಾಕ್ಯವನ್ನೂ ನಾನೇ ಹೇಳಿದೆ: "ಬೆಳಗ್ಗೆ ಕಾರು ತಣ್ಣಗಿರುವಾಗ, ಒರಟು ರಸ್ತೆಯಲ್ಲಿ 20ರಿಂದ 40ರ ವೇಗದಲ್ಲಿ ಎಡ ಎ ಪಿಲ್ಲರ್ ಬುಡದಿಂದ ಕಟಕಟ, ಕೈಯಿಂದ ಒತ್ತಿದರೆ ನಿಲ್ಲುತ್ತದೆ, ವಿಡಿಯೊ ತೋರಿಸಲಾಗಿದೆ." ಅಷ್ಟುದ್ದ ಬರೆಯಲು ಜಾಗವಿಲ್ಲ ಎಂದರು. ಹಿಂಬದಿಯಲ್ಲಿ ಬರೆಸಿ, ಇಬ್ಬರೂ ಸಹಿ ಮಾಡಿ, ಅದರ ಫೋಟೊ ತೆಗೆದುಕೊಂಡೆ. ಒಳಭಾಗದ ಪ್ಲಾಸ್ಟಿಕ್ಕಿನ ಅಂಚುಗಳ ಫೋಟೊಗಳನ್ನೂ ಅಲ್ಲೇ, ಅವರ ಎದುರಿನಲ್ಲೇ ತೆಗೆದೆ.

ಮರುದಿನ ಬಂದ ಟೆಕ್ನಿಶಿಯನ್ ಮಧ್ಯವಯಸ್ಸಿನವರು, ಮಾತು ಕಡಿಮೆ. ಕಾರು ಗೇಟು ದಾಟಿ ಮಣ್ಣು ರಸ್ತೆಗೆ ಇಳಿಯುತ್ತಲೇ ಸದ್ದು ಬಂತು. ಅವರು ತಲೆ ಬಾಗಿಸಿ, ಬೆರಳಿನ ಗೆಣ್ಣಿನಿಂದ ಹೊದಿಕೆಯನ್ನು ಮೇಲಿಂದ ಕೆಳಗೆ ತಟ್ಟುತ್ತಾ ಬಂದು, ಬುಡದ ಹತ್ತಿರ ನಿಂತು, "ಕ್ಲಿಪ್ ಕೂತಿಲ್ಲ" ಎಂದರು. ಇಷ್ಟು ದಿನ ಯಾರೂ ಹೇಳದ ಮಾತು ಅದು. ಉಬ್ಬಿನ ಮೇಲಿನ ಟೊಕ್ ಸದ್ದನ್ನೂ ಕೇಳಿಸಿದೆ. ಕಾರನ್ನು ನಿಲ್ಲಿಸಿ, ಕೆಳಗಿಳಿದು, ಚಕ್ರದ ಒಳಗೆ ಕೈ ಹಾಕಿ ಒಂದು ಸಣ್ಣ ಸರಳನ್ನು ಅಲ್ಲಾಡಿಸಿದರು. ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ತಡೆಯುವ ಸ್ಟೆಬಿಲೈಜರ್ ಬಾರನ್ನು ಚಕ್ರದ ಕಡೆಗೆ ಜೋಡಿಸುವ ಲಿಂಕ್ ರಾಡ್ ಅದು. ಅದರ ತುದಿಯ ಬಾಲ್ ಜಾಯಿಂಟ್ ಸಡಿಲವಾದರೆ ಸದ್ದು ಲೋಹದ ಮೈ ಹಿಡಿದು ಒಳಗೆ ಬಂದು ಡ್ಯಾಶ್‌ಬೋರ್ಡಿನ ಸದ್ದಿನಂತೆ ಕೇಳುತ್ತದೆ. ಒಳಗೆ ಎಷ್ಟು ಟೇಪ್ ಸುತ್ತಿದರೂ ಆ ಸದ್ದು ಹೋಗುತ್ತಿರಲಿಲ್ಲ.

ಹೊದಿಕೆ ಬಿಚ್ಚುವಾಗ ನಾನು ಪಕ್ಕದಲ್ಲಿ ನಿಲ್ಲಲು ಅವರು ಅಡ್ಡಿ ಮಾಡಲಿಲ್ಲ. ಮೊದಲು ಬ್ಯಾಟರಿಯ ತಂತಿ ಬಿಚ್ಚಿ ಸ್ವಲ್ಪ ಹೊತ್ತು ಕಾದರು, ಏಕೆಂದರೆ ಈ ಕಂಬದ ಹೊದಿಕೆಯ ಹಿಂದೆಯೇ ಅಪಘಾತದಲ್ಲಿ ಪಕ್ಕದ ಗಾಜಿನ ಮೇಲೆ ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಹಾದುಹೋಗುತ್ತದೆ. ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಇದನ್ನು ಬಿಚ್ಚಲು ಹೋಗಬೇಡಿ ಎಂದು ಓದುವವರೆಲ್ಲರಿಗೂ ಕೈಮುಗಿದು ಹೇಳುತ್ತೇನೆ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ದಾರಿಯಲ್ಲಿ ಟೇಪ್, ಸ್ಪಂಜು, ಅಂಟು ಏನೂ ಇರಬಾರದು. ಹೊದಿಕೆ ಕೈಗೆ ಬಂದಾಗ ಹಿಂಬದಿಯಲ್ಲಿ ನೋಡಿದೆ: ಮೇಲಿನ ಕ್ಲಿಪ್‌ಗಳು ತೂತಿನಲ್ಲಿ ಚೆನ್ನಾಗಿ ಕೂತಿದ್ದ ಗುರುತಿತ್ತು. ಬುಡದ ಕ್ಲಿಪ್ ಮಾತ್ರ ತೂತಿನ ಅಂಚಿಗೆ ಒರಗಿ ಅರ್ಧಕ್ಕೇ ನಿಂತಿತ್ತು, ಅದರ ಒಂದು ಕಿವಿ ಬಾಗಿತ್ತು. ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಉಗುರಿನಗಲದ ಬಿಳಿ ಸವೆತ, ಅದರ ಸುತ್ತ ಹಿಟ್ಟಿನಂಥ ಪುಡಿ. ಒಳಗೆ, ಸಣ್ಣ ಸ್ಪೀಕರಿನ ತಂತಿಯ ಜೋಡಣೆ ತನ್ನ ಕೊಕ್ಕೆಯಿಂದ ತಪ್ಪಿ ಎ.ಸಿ. ಗಾಳಿಯ ಕೊಳವೆಗೆ ತಾಗುತ್ತಿತ್ತು. ಕಾರ್ಖಾನೆಯಲ್ಲಿ ಅಂಗೈಯಿಂದ ಒಂದು ಸಲ ಗಟ್ಟಿಯಾಗಿ ಒತ್ತಿದ್ದರೆ ಮುಗಿಯುತ್ತಿದ್ದ ಕೆಲಸ. ಆ ಬಿಳಿ ಸವೆತದ ಫೋಟೊ ಇಂದಿಗೂ ನನ್ನಲ್ಲಿದೆ. "ಪ್ಲಾಸ್ಟಿಕ್ ಅಂದಮೇಲೆ ಸದ್ದು" ಎಂಬ ಮಾತಿಗೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ತಂತಿಯ ಜೋಡಣೆಗೆ ಫೆಲ್ಟ್ ಟೇಪ್ ಸುತ್ತಿ ಕೊಕ್ಕೆಗೆ ಸೇರಿಸಿದರು. ಬಾಗಿದ ಕ್ಲಿಪ್ಪಿಗೆ ಬದಲಿ ದಾಸ್ತಾನಿನಲ್ಲಿ ಇರಲಿಲ್ಲ, ಹಳೆಯದನ್ನೇ ನೆಟ್ಟಗೆ ಮಾಡಿ ಹಾಕಿದರು. ಲಿಂಕ್ ರಾಡಿಗೆ ವಾರಂಟಿಯಡಿ ಬೇಡಿಕೆ ಕಳುಹಿಸಿದರು.

ಕೆಲವು ದಿನ ಕಾರು ನಿಶ್ಶಬ್ದ. ನಂತರ ಅದೇ ಮೂಲೆಯಿಂದ ಮತ್ತೆ ಸದ್ದು, ಈ ಸಲ ತುಸು ಮೇಲಿನಿಂದ. ಜೊತೆಗೆ ಡ್ಯಾಶ್‌ಬೋರ್ಡಿನ ಎಡತುದಿಯ ಮುಚ್ಚಳದ ಅಂಚಿನಲ್ಲಿ ಸಲಕರಣೆ ತಾಗಿ ಎದ್ದ ಗೀರು. ಮೂರನೆಯ ಭೇಟಿಯಲ್ಲಿ ಅಡ್ವೈಸರ್ ಬದಲಾಗಿದ್ದರು. ಗೀರು ಮೊದಲೇ ಇತ್ತು ಎಂದರು. ನಾನು ದಿನಾಂಕ, ಹೊತ್ತು ಇರುವ ಫೋಟೊ ತೋರಿಸಿದೆ. ಆಗ ಅವರು ವಾರಂಟಿ ಪುಸ್ತಕ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು: ವಾಹನದ ಗುಣಮಟ್ಟ, ಕಾರ್ಯಕ್ಷಮತೆಗೆ ಧಕ್ಕೆ ತರದ ಸಣ್ಣ ಸದ್ದು, ಕಂಪನಗಳಿಗೆ ವಾರಂಟಿ ಇಲ್ಲ. ಹಲವು ಕಂಪನಿಗಳ ಪುಸ್ತಕದಲ್ಲಿ ಹೀಗೊಂದು ಸಾಲು ಇರುತ್ತದೆ. ಕಾರು ಕೊಳ್ಳುವ ದಿನ ನಮಗೆ ಹಾರ ಹಾಕಿ, ಸಿಹಿ ಕೊಟ್ಟು, ಫೋಟೊ ತೆಗೆಯುತ್ತಾರೆ. ಈ ಸಾಲನ್ನು ಯಾರೂ ಓದಿ ಹೇಳುವುದಿಲ್ಲ.

ನಾನು ಆ ಸಾಲಿನ ಜೊತೆ ವಾದಿಸಲಿಲ್ಲ. ನನ್ನ ದೂರು ಸದ್ದಿನ ಬಗ್ಗೆ ಅಲ್ಲ, ಅರ್ಧ ಕೂತ ಕ್ಲಿಪ್ಪಿನ ಬಗ್ಗೆ, ಕೊಕ್ಕೆ ತಪ್ಪಿದ ತಂತಿಯ ಬಗ್ಗೆ, ಸಡಿಲವಾದ ಲಿಂಕ್ ರಾಡಿನ ಬಗ್ಗೆ ಎಂದೆ. ಇವು ಜೋಡಣೆಯ ಮತ್ತು ಬಿಡಿಭಾಗದ ದೋಷ. ಸದ್ದು ಅವುಗಳ ಪರಿಣಾಮ. ಅದೇ ರಾತ್ರಿ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಬರೆದೆ. ಕೋಪದ ಒಂದು ಮಾತನ್ನೂ ಸೇರಿಸಲಿಲ್ಲ. ಚಾಸಿ ಸಂಖ್ಯೆ, ಎಲ್ಲ ಜಾಬ್ ಕಾರ್ಡುಗಳ ಪ್ರತಿ, ವಿಡಿಯೊ, ಬಿಳಿ ಸವೆತದ ಫೋಟೊ, ಗೀರಿನ ಮೊದಲಿನ ಮತ್ತು ನಂತರದ ಫೋಟೊ. ಕೊನೆಯಲ್ಲಿ ಮೂರು ಬೇಡಿಕೆ: ಹೊಸ ಕ್ಲಿಪ್‌ಗಳು, ಹೊಸ ಮುಚ್ಚಳ, ಲಿಂಕ್ ರಾಡ್.

ಇಷ್ಟರೊಳಗೆ ಕಾನೂನನ್ನೂ ಓದಿಕೊಂಡಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದೋಷ ಎಂಬುದನ್ನು ವಿಶಾಲವಾಗಿ ಹಿಡಿಯುತ್ತದೆ. ಗುಣಮಟ್ಟದಲ್ಲಿನ ಕೊರತೆಯೂ ಅದರಲ್ಲಿ ಸೇರುತ್ತದೆ. ಕಂಪನಿಯ ಕಚೇರಿ ಎಲ್ಲೇ ಇರಲಿ, ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಹತ್ತರಿಂದ ಇಪ್ಪತ್ತು ಲಕ್ಷದೊಳಗೆ ಕೊಟ್ಟು ಕೊಂಡ ವಸ್ತುವಿಗೆ 2020ರ ನಿಯಮಗಳಲ್ಲಿ ಗೊತ್ತುಪಡಿಸಿದ ಶುಲ್ಕ 400 ರೂಪಾಯಿ. ದೂರಿನ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ನೋಂದಾಯಿಸಬಹುದು. ಆದರೆ ಸದ್ದು ಬಂತೆಂದು ಕಾರನ್ನೇ ಬದಲಿಸಿ ಕೊಡಿ ಎಂದು ಹಟ ಹಿಡಿಯುವವರಿಗೆ ಒಂದು ಮಾತು: ವಾರಂಟಿಯ ಹೊಣೆ ದೋಷವಿರುವ ಭಾಗವನ್ನು ಸರಿಪಡಿಸುವುದು ಅಥವಾ ಬದಲಿಸುವುದು, ಇಡೀ ವಾಹನವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಕಾರಿನ ಪ್ರಕರಣವೊಂದರಲ್ಲಿ ಹೇಳಿದೆ. ಹಾಗಾಗಿ ಕೇಳುವುದನ್ನು ಅಳತೆಯಲ್ಲಿ ಕೇಳಿದೆ.

1915 ಸಹಾಯವಾಣಿಯಲ್ಲಿ ನನ್ನ ದೂರು ನೋಂದಣಿಯಾದ ಮೇಲೆ ಕಂಪನಿಯ ಕಡೆಯಿಂದ ಫೋನ್ ಬಂತು. ಆ ಪ್ರದೇಶ ನೋಡಿಕೊಳ್ಳುವ ಎಂಜಿನಿಯರ್ ನಿಗದಿತ ದಿನ ಸರ್ವಿಸ್ ಸೆಂಟರಿಗೆ ಬರುತ್ತಾರೆ, ಕಾರನ್ನು ಹಿಂದಿನ ಸಂಜೆಯೇ ತಂದು ಬಿಡಿ ಎಂದರು. ಬೆಳಗ್ಗೆ ಕಾರು ತಣ್ಣಗಿರಬೇಕು ಎಂದು ನಾನು ಹೇಳುವ ಮೊದಲೇ ಅವರೇ ಹೇಳಿದರು. ಎಂಜಿನಿಯರ್ ಯುವಕರು, ನನ್ನ ಇಮೇಲಿನ ಪುಟಗಳನ್ನು ಮುದ್ರಿಸಿಕೊಂಡು ಬಂದಿದ್ದರು. ಒಮ್ಮೆ ಬಿಚ್ಚಿದ ಇಂಥ ಕ್ಲಿಪ್‌ಗಳ ಹಿಡಿತ ಸಡಿಲವಾಗುವುದರಿಂದ ಬಿಚ್ಚಿದಾಗಲೆಲ್ಲ ಹೊಸದನ್ನೇ ಹಾಕಬೇಕು ಎಂದು ನನ್ನ ಎದುರೇ ಸೆಂಟರಿನವರಿಗೆ ಹೇಳಿದರು. ಎಡಗಡೆಯ ಎಲ್ಲ ಕ್ಲಿಪ್‌ಗಳೂ ಬದಲಾದವು. ಲಿಂಕ್ ರಾಡ್‌ಗಳನ್ನು ಎರಡೂ ಕಡೆ ಹೊಸದಾಗಿ ಹಾಕಿದರು. ಗೀರು ಬಿದ್ದ ಮುಚ್ಚಳ ತರಿಸಲು ಸಮಯ ಹಿಡಿಯಿತು, ಬಂದ ಮೇಲೆ ಹಾಕಿಕೊಟ್ಟರು. ಬಿಲ್ಲಿನ ಮೊತ್ತ ಸೊನ್ನೆ.

ಬಾಗಿಲಿನ ಕಿರ್ರೆನ್ನುವುದನ್ನು ಮಾತ್ರ ನಾನೇ ನೋಡಿಕೊಂಡೆ, ಅದಕ್ಕೆ ಏನನ್ನೂ ಬಿಚ್ಚಬೇಕಾಗಿಲ್ಲ. ಬಾಗಿಲಿನ ಸುತ್ತ ಇರುವ ರಬ್ಬರ್ ಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ತೀರ್ಥಹಳ್ಳಿ ದಾರಿಯ ಕೆಂಪು ಧೂಳೆಲ್ಲ ಬಟ್ಟೆಗೆ ಬಂತು. ಒಣಗಿದ ಮೇಲೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿದೆ. ಅಡುಗೆ ಎಣ್ಣೆ, ಎಂಜಿನ್ ಆಯಿಲ್, ತುಕ್ಕು ಬಿಡಿಸುವ ಸ್ಪ್ರೇ ಹಾಕುವವರಿದ್ದಾರೆ. ಖನಿಜ ತೈಲ ತಗುಲಿದರೆ ಈ ಬಗೆಯ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಆಮೇಲೆ ಮಳೆ ನೀರು ಒಳಗೆ ಬರುತ್ತದೆ. ಮಲೆನಾಡಿನಲ್ಲಿ ಕಾರಿಟ್ಟುಕೊಂಡವರಿಗೆ ಅದು ದುಬಾರಿ.

ಪಕ್ಕದ ಮನೆಯವರು ಈಚೆಗೆ ವಿದ್ಯುತ್ ಕಾರು ಕೊಂಡರು. ಎಂಜಿನ್ನಿನ ಸದ್ದೇ ಇಲ್ಲದ ಕಾರಿನಲ್ಲಿ ಉಳಿದೆಲ್ಲ ಸದ್ದೂ ಎದ್ದು ಕೇಳುತ್ತದೆ. ಅವರ ಹಿಂಬದಿಯ ಬಾಗಿಲಿನ ಕಡೆಯಿಂದ ಏನೋ ಅಲುಗುತ್ತದೆಯಂತೆ, ಸೆಂಟರಿನವರು "ಈ ಮಾಡೆಲಿನಲ್ಲಿ ಎಲ್ಲರದ್ದೂ ಹೀಗೇ" ಎಂದರಂತೆ. ಎಲ್ಲರದ್ದೂ ಹೀಗೇ ಇದ್ದರೆ ಅದು ಇನ್ನೂ ದೊಡ್ಡ ದೂರು ಎಂದೆ. ಈ ಭಾನುವಾರ ಬೆಳಗ್ಗೆ ಬಿಸಿಲೇರುವ ಮುನ್ನ ಅವರ ಕಾರಿನಲ್ಲಿ ಮಂಡಗದ್ದೆಯವರೆಗೆ ಹೋಗಿಬರುತ್ತೇವೆ. ಅವರು ಓಡಿಸುತ್ತಾರೆ, ನಾನು ಹಿಂದಿನ ಸೀಟಿನಲ್ಲಿ ಕುಳಿತು ಒಂದೊಂದೇ ಭಾಗವನ್ನು ಒತ್ತಿ ಹಿಡಿಯುತ್ತೇನೆ.